ಮೂರಕ್ಕೂ ಒಂದೇ ಸಲ ಕಿಡಿ

ಲೈಟಿನ ಕಾಂತೇಶನಿಗೆ ಕರೆಂಟಿನ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ ಮೈ ಉರಿಯುತ್ತಿತ್ತು. ಶಹಾಪುರದಲ್ಲಿ ಅವನದು ಲೈಟಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಮದುವೆ ಇರಲಿ, ಉರುಸು ಇರಲಿ, ಭೀಮ ಜಯಂತಿ ಇರಲಿ, ಸೀರಿಯಲ್ ಸೆಟ್ ಕಟ್ಟುವುದಕ್ಕೆ ಅವನೇ ಬೇಕು. ಶೇಂಗಾ ಬೀಜದಷ್ಟು ಬಲ್ಬುಗಳನ್ನು ಒಂದರ ಬೆನ್ನಿಗೆ ಒಂದು ಸಾಲಾಗಿ ಕಟ್ಟಿ, ಕಂಬದ ಕರೆಂಟನ್ನು ಅಷ್ಟಕ್ಕೂ ಹಂಚಿ, ಒಂದೂ ಸುಡದಂತೆ ಕಾಯುವುದು ಅವನ ಮೂವತ್ತು ವರ್ಷದ ಕಸುಬು. ಸಣ್ಣ ತಂತಿಗೆ ಕರೆಂಟು ಸೀದಾ ಕೊಡಬಾರದು, ಹಂಚಿಯೇ ಕೊಡಬೇಕು ಎಂಬುದು ಅವನು ಹಿಡಿದ ಪಟ್ಟು.

ಆ ಪಟ್ಟನ್ನು ಗೇಲಿ ಮಾಡುವ ಧೈರ್ಯ ಇದ್ದದ್ದು ಅವನ ಹೆಂಡತಿ ಸಂಘಮಿತ್ರಾ ಒಬ್ಬಳಿಗೇ. ಅವಳು ಸಗರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು.

"ಒಂದು ಬಲ್ಬ್ ಹೋದ್ರ ಇಡೀ ಸರಾನೇ ಕತ್ತಲ. ಇದೆಂಥಾ ಸಂಸಾರ ಕಟ್ಟೀರಿ ನೀವು?" ಎಂದು ನಗುತ್ತಿದ್ದಳು.

"ನಿನ್ನ ಪುಸ್ತಕದ ಕರೆಂಟ್ ಬ್ಯಾರೆ, ನಮ್ಮ ಕಂಬದ ಕರೆಂಟ್ ಬ್ಯಾರೆ ಟೀಚರ," ಎಂದು ಇವನೂ ಬಿಟ್ಟುಕೊಡುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಒಂದು ಜಗಳ ಮಾತ್ರ ಮುಗಿಯಲೇ ಇಲ್ಲ. ಸಂಕ್ರಾಂತಿ ಕಳೆದ ನಾಲ್ಕನೇ ದಿನ ಅವಳು ತೀರಿಕೊಂಡಳು.

ಅವಳು ಬಿಟ್ಟುಹೋದ ಸಾಮಾನಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಮಕ್ಕಳಿಗೆ ಹಾರಿಸಿ ತೋರಿಸಬೇಕೆಂದು ದೀಪಾವಳಿಯ ಮುಂಚೆ ಅವಳು ತನ್ನ ಪಗಾರದಲ್ಲೇ ತರಿಸಿದ್ದ ಮಾದರಿ ರಾಕೆಟ್ಟು. ಪಟಾಕಿ ಅಂಗಡಿಯ ರಾಕೆಟ್ಟಲ್ಲ, ಕೈಯಿಂದ ಜೋಡಿಸಬೇಕಾದದ್ದು. ಮೊಳಕ್ಕಿಂತ ಉದ್ದದ ಕಾಗದದ ಕೊಳವೆ, ತೆಳು ಕಟ್ಟಿಗೆಯ ರೆಕ್ಕೆಗಳು, ಮೂತಿಯ ಒಳಗೆ ಮಡಚಿಡುವ, ಕೆಳಗಿಳಿಯುವಾಗ ಬಿಚ್ಚಿಕೊಳ್ಳುವ ಪ್ಲಾಸ್ಟಿಕ್ ಛತ್ರಿ. ಬುಡದಲ್ಲಿ ಒಂದಲ್ಲ, ಮೂರು ಮದ್ದಿನ ಮೋಟಾರು, ಒಂದೊಂದೂ ಬೆರಳುದ್ದ. ಮೂರೂ ಒಟ್ಟಿಗೆ ಹತ್ತಿದರೆ ರಾಕೆಟ್ಟು ಕಣ್ಣಿಗೆ ಕಾಣದಷ್ಟು ಎತ್ತರ ಹೋಗುತ್ತದೆ ಎಂದು ಅವಳು ಇಡೀ ಸಗರಕ್ಕೇ ಹೇಳಿ ಇಟ್ಟಿದ್ದಳು.

ಆದರೆ ಪೆಟ್ಟಿಗೆ ಬಂದ ವಾರದಲ್ಲೇ ಅವಳಿಗೆ ಹೊಟ್ಟೆನೋವು ಜೋರಾಯಿತು. ಕಲಬುರಗಿಗೆ ಹೋದರು. ಡಾಕ್ಟರು ಅವಳನ್ನು ಹೊರಗೆ ಕೂರಿಸಿ ಕಾಂತೇಶನನ್ನು ಒಳಗೆ ಕರೆದರು. ಲಿವರಿನ ತುಂಬ ಹರಡಿದೆ, ಇನ್ನು ಎರಡು ತಿಂಗಳು, ಬಹಳ ಅಂದರೆ ಮೂರು ಎಂದರು. ಹೊರಗೆ ಬೆಂಚಿನ ಮೇಲೆ ಅವಳು ಪಕ್ಕದ ಹೆಂಗಸಿನ ಕೂಸನ್ನು ಆಡಿಸುತ್ತ ಕೂತಿದ್ದಳು.

"ಏನಂದ್ರು?"

"ಲಿವರಿಗೆ ಬಾವು ಬಂದದಂತ. ಔಷಧ ತಗೊಂಡ್ರ ಆರಾಮ ಆಗ್ತದಂತ."

ರಿಪೋರ್ಟು ಪೋಸ್ಟಿನಲ್ಲಿ ಬರುತ್ತದೆ ಎಂದು ಸುಳ್ಳು ಹೇಳಿದ. ಇಂಗ್ಲಿಷ್ ಓದಬಲ್ಲ ಹೆಂಡತಿಯಿಂದ ಅದನ್ನು ಮುಚ್ಚಿಡಲು ಅಂಗಡಿಯ ಹಳೇ ಬಲ್ಬಿನ ಡಬ್ಬದ ತಳಕ್ಕೆ ತುರುಕಿದ. ಬೇರೆ ಯಾರಿಗೂ ಹೇಳಲಿಲ್ಲ. ತಾನೊಬ್ಬ ಹೊತ್ತರೆ ಸಾಕು, ಅವಳ ತಲೆಗೆ ಈ ಭಾರ ಯಾಕೆ ಅಂದುಕೊಂಡ.

ನವೆಂಬರಿನಲ್ಲಿ ಅವಳು ಕೇಳಿದಳು, "ಈ ತಿಂಗಳ ಹಾರಸಿ ಬಿಡೋಣೇನ್ರಿ? ಹುಡುಗರು ಬೆನ್ನು ಹತ್ಯಾರ."

"ಏನ್ ಅವಸರ ಟೀಚರ? ಮೊದಲ ಆರಾಮ ಆಗು. ಮುಂದಿನ ತಿಂಗಳ ಹಾರಸೋಣು."

ಬಿಸಿಲಿನಲ್ಲಿ ನಿಂತು ಇರುವ ನಾಲ್ಕು ದಿನವನ್ನೂ ಕಳೆದುಕೊಂಡಾಳು ಎಂಬ ಹೆದರಿಕೆ ಅವನಿಗೆ. ಡಿಸೆಂಬರಿನಲ್ಲಿ ಕೇಳಿದಾಗಲೂ ಅದೇ ಮಾತು ಹೇಳಿದ. ಅವಳು ತಕರಾರು ಮಾಡದೆ ಫೆಬ್ರವರಿ ಇಪ್ಪತ್ತೆಂಟಕ್ಕೆ, ವಿಜ್ಞಾನ ದಿನಕ್ಕೆ, ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನ ಗುರುತು ಹಾಕಿದಳು. ಆಮೇಲೆ ಹಾಸಿಗೆಯಲ್ಲೇ ಕೂತು ರೆಕ್ಕೆಗಳನ್ನು ತಿಕ್ಕುತ್ತಿದ್ದಳು, ಅಂಟಿಸುತ್ತಿದ್ದಳು. ಮೂತಿಗೆ ನೀಲಿ ಬಣ್ಣ ಬಳಿದದ್ದು ಜನವರಿ ಒಂದರಂದು. ಅಲ್ಲಿಂದ ಮುಂದೆ ಅವಳ ಕೈ ಏಳಲಿಲ್ಲ.

ಹೆಂಡತಿಯ ಮಣ್ಣು ಮುಗಿಸಿ ಬಂದ ಕಾಂತೇಶ ಒಂದು ತಿಂಗಳು ಅಂಗಡಿ ತೆರೆಯಲಿಲ್ಲ. ಫೆಬ್ರವರಿಯಲ್ಲಿ ಕ್ಯಾಲೆಂಡರಿನ ಹಾಳೆ ತಿರುವಿದಾಗ ಕೆಂಪು ಗುರುತು ಕಂಡಿತು. ಅವಳ ಈ ಒಂದು ಮಾತಾದರೂ ಹೇಳಿದ ದಿನಕ್ಕೆ ನಡೆಯಬೇಕು, ತನ್ನ ಕೈಯಿಂದಲೇ ನಡೆಯಬೇಕು ಎಂದು ನಿಶ್ಚಯ ಮಾಡಿದ. ಇರುವುದು ಮೂರೇ ಮೋಟಾರು. ಎರಡನೇ ಸಲ ಅನ್ನುವ ಮಾತೇ ಇರಲಿಲ್ಲ.

ಅದೇ ಶಾಲೆಯ ಗಣಿತದ ಟೀಚರು ಫಿರ್ದೌಸ್, ಸಂಘಮಿತ್ರಾಳ ಜೀವದ ಗೆಳತಿ, ಮನೆಗೆ ಬಂದು ಪೆಟ್ಟಿಗೆಯೊಳಗಿನ ಇಂಗ್ಲಿಷ್ ಹಾಳೆಯನ್ನು ಓದಿ ಹೇಳಿದಳು. ಛತ್ರಿ ಹೇಗೆ ಮಡಚಬೇಕು, ಎಷ್ಟು ದೂರ ನಿಲ್ಲಬೇಕು, ಎಲ್ಲ ಹೇಳಿದಳು. "ಮೂರು ಮೋಟಾರಿಗೂ ಒಂದೇ ಸಲ ಕಿಡಿ ಬೀಳಬೇಕಂತ, ಭಾಯ್. ಅದೇ ಮುಖ್ಯ ಅಂತ ದಪ್ಪಕ್ಷರದಾಗ ಬರದಾರ. ವೈರ್ ಹ್ಯಾಂಗ ಕೊಡಬೇಕಂತ ಚಿತ್ರ ಸೈತ ಅದ, ನೋಡ್ರಿ."

"ವೈರಿನ ಸುದ್ದಿ ನನಗ ಬಿಡ್ರಿ ಮೇಡಂ," ಎಂದ ಕಾಂತೇಶ. ಚಿತ್ರದ ಕಡೆ ಕಣ್ಣು ಸಹ ಹಾಯಿಸಲಿಲ್ಲ.

ಅವಳು ಹೋದ ಮೇಲೆ ಪೆಟ್ಟಿಗೆಯ ತಳ ಕೆದಕಿದ. ಕಿಡಿ ಹೊತ್ತಿಸುವ ಮೂರು ತಂತಿ ಸಿಕ್ಕವು, ತುದಿಯಲ್ಲಿ ಕಪ್ಪು ಮದ್ದಿನ ಚುಕ್ಕೆ, ಕೂದಲಿನಷ್ಟು ತೆಳ್ಳಗೆ. ಅವುಗಳ ಜೊತೆ ಕ್ಲಿಪ್ಪು ಹಾಕಿದ ವೈರು. ಅದನ್ನು ಸಂಘಮಿತ್ರಾ ಆಗಲೇ ಕಟ್ಟಿಟ್ಟಿದ್ದಳು. ಮೂರು ಎಳೆಯನ್ನು ಈ ಕಡೆ ಒಂದು ಗಂಟಾಗಿ ಹೊಸೆದು, ಮೂರನ್ನು ಆ ಕಡೆ ಒಂದು ಗಂಟಾಗಿ ಹೊಸೆದು. ಹನ್ನೆರಡು ವೋಲ್ಟಿನ ಬೈಕಿನ ಬ್ಯಾಟರಿ ಕೊಟ್ಟರೆ ಮೂರಕ್ಕೂ ಸೀದಾ ಹೊಡೆಯುವ ಹಾಗೆ.

ಕಾಂತೇಶ ಆ ಗಂಟನ್ನು ಬೆಳಕಿಗೆ ಹಿಡಿದ. ಪಾಪ, ಜ್ವರದ ಕಣ್ಣಿನಲ್ಲಿ ಕಟ್ಟಿದ್ದಾಳೆ. ಇಷ್ಟು ತೆಳುವಾದ ತಂತಿಗೆ ಇಷ್ಟು ಕರೆಂಟು ಸೀದಾ ಕೊಟ್ಟರೆ ಸುಟ್ಟು ಹೋಗುವುದಿಲ್ಲವೇ? ಗಂಟು ಬಿಚ್ಚಲು ಕೂತ. ಸುಲಭಕ್ಕೆ ಬಿಚ್ಚಲಿಲ್ಲ. ಅವಳು ಎಡಗೈಯವಳು, ಅವಳ ಹೊಸೆತ ಇವನ ಹೊಸೆತಕ್ಕೆ ಪೂರಾ ಉಲ್ಟಾ. ಹಿಂದುಮುಂದಾಗಿ ತಿರುಗಿಸಿ ತಿರುಗಿಸಿ ಬಿಚ್ಚಿ, ಉಗುರಿನಿಂದ ನೀವಿ ನೇರ ಮಾಡಿ, ಅದೇ ವೈರಿನಲ್ಲಿ ಮೂರನ್ನೂ ಒಂದರ ಬೆನ್ನಿಗೆ ಒಂದು ಸಾಲಾಗಿ ಕಟ್ಟಿದ. ಟೆಸ್ಟರಿನಲ್ಲಿ ನೋಡಿದ. ಎಲ್ಲೂ ಕಡಿದಿಲ್ಲ, ಕರೆಂಟು ಹಾಯುತ್ತದೆ. ಅವಳು ಹೋದ ಮೇಲೆ ಮೊದಲ ಸಲ ಅವತ್ತು ಹೊಟ್ಟೆ ತುಂಬ ಉಂಡ.

ಇಪ್ಪತ್ತೆಂಟರ ಸಂಜೆ ನಾಲ್ಕಕ್ಕೆ ಶಾಲೆಯ ಹಿಂದಿನ ಹತ್ತಿ ಹೊಲದಲ್ಲಿ ಇಡೀ ಶಾಲೆ ಸೇರಿತು. ಹತ್ತಿ ಬಿಡಿಸಿ ಆಗಿ, ಬರೀ ಕಟ್ಟಿಗೆ ನಿಂತಿತ್ತು. ಹೆಡ್ ಮಾಸ್ತರ ಪರಮಣ್ಣನವರು ಸಂಘಮಿತ್ರಾಳ ಫೋಟೋಕ್ಕೆ ಹಾರ ಹಾಕಿ ನಾಲ್ಕು ಮಾತಾಡಿ ಕೂತರು. ಕಾಂತೇಶ ಕಬ್ಬಿಣದ ಸರಳು ನೆಟ್ಟು ರಾಕೆಟ್ಟು ಏರಿಸಿದ. ಬೈಕಿನ ಬ್ಯಾಟರಿಯ ಜೊತೆ ಮನೆಯ ಕಾಲಿಂಗ್ ಬೆಲ್ಲಿನ ಸ್ವಿಚ್ಚನ್ನೇ ಕಿತ್ತು ತಂದಿದ್ದ. ಮಕ್ಕಳು ಹತ್ತರಿಂದ ಕೆಳಗೆ ಎಣಿಸಿದರು. ಸೊನ್ನೆ ಎಂದಾಗ ಸ್ವಿಚ್ಚು ಒತ್ತಿದ.

ಒಂದು ಮೋಟಾರು ಹತ್ತಿತು. ಒಂದೇ ಒಂದು.

ಮೂರು ಮೋಟಾರಿನ ಭಾರ ಹೊತ್ತ ರಾಕೆಟ್ಟು ಸರಳಿನಿಂದ ಹೇಗೋ ಬಿಡಿಸಿಕೊಂಡು ಬೇವಿನ ಮರದೆತ್ತರ ಏರಿತು. ಅಲ್ಲಿ ಒಂದು ಪಕ್ಕಕ್ಕೆ ವಾಲಿ, ಹೊಗೆ ಬಿಡುತ್ತ ಹತ್ತಿ ಕಟ್ಟಿಗೆಯ ನಡುವೆ ಮೂತಿ ಕೆಳಗಾಗಿ ಬಿತ್ತು. ಎರಡು ರೆಕ್ಕೆ ಮುರಿದವು, ಕೊಳವೆ ನಡು ಮುರಿಯಿತು. ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಟಪ್ ಎಂದು ಸದ್ದಾಗಿ, ಆಕಾಶದಲ್ಲಿ ಬಿಚ್ಚಬೇಕಾಗಿದ್ದ ಛತ್ರಿ ಮಣ್ಣಿನ ಮೇಲೆ ಹೊರಬಂತು. ಏನು ಮಾಡಬೇಕೆಂದು ತಿಳಿಯದ ಮಕ್ಕಳು ಚಪ್ಪಾಳೆ ತಟ್ಟಿದವು. ಆ ಚಪ್ಪಾಳೆಗೆ ಕಾಂತೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಕ್ಕಳನ್ನು ಶಾಲೆಯ ಕಡೆ ಕಳಿಸಿ ಫಿರ್ದೌಸ್ ಹತ್ತಿರ ಬಂದಳು. ಬುಡದಲ್ಲಿ ಎರಡು ಮೋಟಾರು ಹೊಸದರ ಹಾಗೆ ಕೂತಿದ್ದವು. ಅವುಗಳ ಕಿಡಿಯ ತಂತಿ ಸುಟ್ಟಿರಲೇ ಇಲ್ಲ. ಅವಳು ಬ್ಯಾಗಿನಿಂದ ಆ ಹಾಳೆ ತೆಗೆದು ಅವನ ಮುಂದೆ ಹಿಡಿದಳು. ಚಿತ್ರ ನೋಡಲು ಇಂಗ್ಲಿಷ್ ಬೇಕಾಗಿರಲಿಲ್ಲ. ಮೂರು ಗೆರೆ ಈ ಕಡೆ ಒಂದಾಗಿ, ಮೂರು ಗೆರೆ ಆ ಕಡೆ ಒಂದಾಗಿ. ಅವನು ತೊಡೆಯ ಮೇಲೆ ಇಟ್ಟುಕೊಂಡು ಬಿಚ್ಚಿದ್ದು ಅದೇ ಗಂಟು.

ಕಾಂತೇಶ ಹೊಲದ ಬದುವಿನ ಮೇಲೆ ಕೂತ. ಬಲ್ಬು ಸುಡಬಾರದು, ನಿಜ. ಆದರೆ ಈ ತಂತಿ ಇರುವುದೇ ಸುಡುವುದಕ್ಕೆ. ಅವನು ಸುಡದಂತೆ ಕಾಯಲು ಹೋಗಿದ್ದ. ಸಾಲಿನಲ್ಲಿ ಒಂದು ಸುಟ್ಟು ಕಡಿಯಿತು. ಅಲ್ಲಿಗೆ ಉಳಿದೆರಡರ ದಾರಿಯೂ ಕಡಿಯಿತು. ಒಂದು ಹೋದರೆ ಎಲ್ಲ ಕತ್ತಲೆ ಎಂದು ಅವಳು ಸಾವಿರ ಸಲ ಹೇಳಿದ್ದಳು.

"ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ಭಾಯ್," ಎಂದಳು ಫಿರ್ದೌಸ್, ಪಕ್ಕದಲ್ಲಿ ಕೂರುತ್ತ. "ನವೆಂಬರದಾಗೇ ಹಾರಿಸಿದ್ದರ ಆಕಿ ಕಣ್ಣಿಂದ ನೋಡತಿದ್ದಳು ಅನ್ನೂದು ಒಂದೇ ನನಗ ಸಂಕಟ. ನಾನೂ ಆಕಿಗಿ ಕೇಳಿದ್ದೆ, ನಿನ್ನ ಮಾರಿ ಹಿಂಗ ಇಳದದ, ಲಗೂನ ಹಾರಸಿ ಬಿಡು ಅಂತ. ಏನಂದಳು ಗೊತ್ತೇನ್ರಿ?"

ಫಿರ್ದೌಸ್ ಗೆಳತಿಯ ಮಾತನ್ನು ಹಾಗೇ ಹೇಳಿದಳು.

"'ನನಗೂ ಅಂಜಿಕಿ ಆಗಿತ್ತು ಫಿರ್ದೌಸ್, ಆದರ ನಮ್ಮವರು ಮುಂದಿನ ತಿಂಗಳ ಹಾರಸೋಣು ಅಂದಾರ,' ಅಂದಳು. 'ಅವರು ಡಾಕ್ಟರ ಕೂಡ ಮಾತಾಡಿ ಬಂದವರು. ಮುಂದಿನ ತಿಂಗಳ ಅಂತಾರಂದ್ರ ಮುಂದಿನ ತಿಂಗಳ ನಾ ಇರ್ತೀನಿ ಅಂತ ಆತಲ್ಲ,' ಅಂತ ನಕ್ಕಳು. ಅವತ್ತು ಎಷ್ಟು ಖುಷಿ ಇದ್ದಳಂತೀರಿ."

ಕಾಂತೇಶ ಅವಳ ಕಡೆ ತಿರುಗಿದ.

"ನನಗ ಗೊತ್ತಿತ್ತು ಮೇಡಂ. ಎರಡು ತಿಂಗಳು, ಬಾಳ ಅಂದ್ರ ಮೂರು ಅಂದಿದ್ರು. ರಿಪೋರ್ಟ್ ಅಂಗಡ್ಯಾಗ ಮುಚ್ಚಿಟ್ಟೀನಿ."

ಫಿರ್ದೌಸ್ ಅವನ ಮುಖವನ್ನೇ ನೋಡಿದಳು. ಸಮಾಧಾನದ ಮಾತು ಹೇಳಿಯಾಳು ಎಂದು ಅವನ ಮನಸ್ಸಿನ ಯಾವುದೋ ಮೂಲೆ ಕಾದಿತ್ತು. ಅವಳು ಹೇಳಲಿಲ್ಲ.

"ಹೇಳಬೇಕಿತ್ತು ಭಾಯ್. ಆಕಿ ತಡಕೋತಿದ್ದಳು. ಆಕಿಗಿ ನಿಮಗಿಂತ ಗಟ್ಟಿ ಎದಿ ಇತ್ತು," ಎಂದು ಎದ್ದಳು. ನಾಲ್ಕು ಹೆಜ್ಜೆ ಹೋಗಿ ನಿಂತು, ಕಣ್ಣೊರೆಸಿಕೊಂಡು, ಮತ್ತೆ ತಿರುಗಿ ನೋಡದೆ ಶಾಲೆಯ ಕಡೆ ನಡೆದಳು.

ಹೊಲದಲ್ಲಿ ಅವನೊಬ್ಬ ಉಳಿದ. ಬಿಸಿಲು ಇನ್ನೂ ಇತ್ತು. ಉಳಿದ ಎರಡು ಮೋಟಾರಿನಿಂದ ಕಿಡಿಯ ತಂತಿಗಳನ್ನು ಹೊರಗೆಳೆದು ಒಂದು ಚಪ್ಪಟೆ ಕಲ್ಲಿನ ಮೇಲೆ ಇಟ್ಟ. ತಾನು ಕಟ್ಟಿದ ಸಾಲನ್ನು ಬಿಚ್ಚಿ ವೈರನ್ನು ತೊಡೆಯ ಮೇಲೆ ಹಾಸಿಕೊಂಡ. ಅಷ್ಟು ನೀವಿ ನೇರ ಮಾಡಿದ್ದರೂ ತಾಮ್ರದಲ್ಲಿ ಅವಳು ಹೊಸೆದ ಸುಕ್ಕು ಹಾಗೇ ಇತ್ತು. ಬಲಗೈಯಿಂದ ಹೊಸೆಯಲು ಹೋದರೆ ಎಳೆಗಳು ಕೂಡಿಕೊಳ್ಳಲಿಲ್ಲ. ಎಡಗೈಗೆ ಬದಲಾಯಿಸಿದ. ಅವಳ ಸುಕ್ಕಿನ ಮೇಲೇ ನಿಧಾನಕ್ಕೆ ತಿರುಗಿಸುತ್ತ ಹೋದಾಗ ಎಳೆಗಳು ತಾವಾಗಿ ತಮ್ಮ ಜಾಗಕ್ಕೆ ಹೋಗಿ ಕೂತವು.

ಕಲ್ಲಿನ ಮೇಲಿನ ಎರಡೂ ತಂತಿಗೆ ಕ್ಲಿಪ್ಪು ಕಚ್ಚಿಸಿ, ಬ್ಯಾಟರಿಗೆ ಜೋಡಿಸಿ ಸ್ವಿಚ್ಚು ಒತ್ತಿದ.

ಎರಡೂ ಒಂದೇ ಸಲ ಹತ್ತಿದವು. ಕಣ್ಣು ಮಿಟುಕಿಸುವಷ್ಟು ಹೊತ್ತು ಕಲ್ಲಿನ ಮೇಲೆ ಎರಡು ಬಿಳಿ ಬೆಂಕಿ, ಕಡ್ಡಿ ಗೀರಿದ ವಾಸನೆ, ಆಮೇಲೆ ಎರಡು ಕಪ್ಪು ಕಲೆ. ಕಾಂತೇಶ ಸ್ವಿಚ್ಚಿನ ಮೇಲಿಂದ ಬೆರಳು ತೆಗೆಯಲಿಲ್ಲ.

"ಟೀಚರ," ಎಂದ. "ಮುಂದಿನ ತಿಂಗಳ ಅನ್ನೂದು ಇರಲಿಲ್ಲ. ನನಗ ಗೊತ್ತಿತ್ತು."

ಕಲಬುರಗಿಯ ಆ ಬೆಂಚಿನ ಮೇಲೆ ಅವಳ ಕೈ ಹಿಡಿದು ಹೇಳಬೇಕಾಗಿದ್ದ ಮಾತು. ಹತ್ತಿ ಹೊಲದಲ್ಲಿ ಅದನ್ನು ಕೇಳುವುದಕ್ಕೆ ಯಾರೂ ಇರಲಿಲ್ಲ.