ರಟ್ಟಿನಂಗಡಿಯ ಮೇಲಿನ ಕೋಣೆ

"ಕಂಡಕ್ಟರ್ ಆಗಿದೀನಿ" ಎಂದು ಅವಳು ಹೇಳಿದಾಗ ಸೋದರಮಾವ ಕೇಳಿದ ಮೊದಲ ಪ್ರಶ್ನೆ, "ಯಾವ ರೂಟು?"

ಬಸ್ಸಲ್ಲ ಮಾವ, ಹನ್ನೊಂದು ಜನ ವಾದ್ಯದವರ ಮುಂದೆ ನಿಂತು ಕೋಲು ಹಿಡಿದು ಕೈಯಾಡಿಸಿ ಅವರಿಂದ ನುಡಿಸೋದು, ಆ ಸಂಗೀತಾನೂ ನಾನೇ ಬರೆದಿದ್ದು ಎಂದು ಬಿಡಿಸಿ ಹೇಳಿದಳು. "ಟಿಕೆಟ್ ಅಂತೂ ನೀನೇ ಹರೀಬೇಕು ತಾನೆ?" ಎಂದು ಮಾವ ನಕ್ಕ. ಅವನ ಮಾತು ಸುಳ್ಳಾಗಲಿಲ್ಲ. ಮೊದಲ ಕಚೇರಿಗೆ ಟಿಕೆಟ್ ಹರಿದವಳೂ ಕುರ್ಚಿ ಹೊತ್ತವಳೂ ಅವಳೇ.

ಆಗ ಅವಳಿಗೆ ಇಪ್ಪತ್ತನಾಲ್ಕು. ಈಗ ಎಂಬತ್ತು ಜನ ವಾದ್ಯಗಾರರು ಅವಳ ಕೈಯತ್ತಲೇ ಕಣ್ಣಿಟ್ಟು ಕೂರುತ್ತಾರೆ. ಆದರೂ ಎಲ್ಲಿಂದಲೋ ಅಂಟಿನ ವಾಸನೆ ತೇಲಿ ಬಂದರೆ ಸಾಕು, ಮನಸ್ಸು ಆ ಹಳೆಯ ಮೆಟ್ಟಿಲು ಹತ್ತಿಬಿಡುತ್ತದೆ. ಕೆಳಗೆ ಪುಸ್ತಕಗಳಿಗೆ ರಟ್ಟು ಕಟ್ಟುವವನ ಅಂಗಡಿ, ಮೇಲೆ ಅವನು ಕಾಗದ ಪೇರಿಸಿಡುತ್ತಿದ್ದ ಉದ್ದನೆಯ ಕೋಣೆ. ಭಾನುವಾರ ಮಾತ್ರ ಅದು ತಾಲೀಮಿಗೆ ಇವರದು. ಒಬ್ಬೊಬ್ಬರು ನುಡಿಸಬೇಕಾದದ್ದನ್ನು ಬೇರೆ ಬೇರೆ ಹಾಳೆಗೆ ಇಳಿಸಿಕೊಟ್ಟವಳು ಅಕ್ಕ. ಸಂಗೀತದ ಗಂಧಗಾಳಿ ಅವಳಿಗೆ ತಿಳಿಯದು. ಕೈಬರಹ ಮಾತ್ರ ಮುತ್ತು ಪೋಣಿಸಿದ ಹಾಗೆ.

ಹನ್ನೊಂದರಲ್ಲಿ ಹತ್ತು ಜನ ಅವಳ ಓರಗೆಯವರು. ಉಳಿದವರು ಚೆಲ್ಲೋ ಅಜ್ಜ. ವಾರವಿಡೀ ತಂತಿವಾದ್ಯಗಳ ರಿಪೇರಿ ಮಾಡಿಕೊಂಡು, ಭಾನುವಾರ ಪಿಟೀಲಿನ ಅಣ್ಣನಂಥ ತಮ್ಮ ಎದೆಯೆತ್ತರದ ಚೆಲ್ಲೋ ಹೊತ್ತು ಏದುಸಿರು ಬಿಡುತ್ತ ಮೇಲೆ ಬರುತ್ತಿದ್ದರು. ಎರಡನೆಯ ವಾರವೇ ಅವರು ಕಮಾನು ಕೆಳಗಿಟ್ಟರು.

"ಇದೇನಮ್ಮ? ವಾದ್ಯದ ಮೈಗೆ ಗೆಣ್ಣಿನಿಂದ ಗುದ್ದಿ ಅಂತ ಬರ್ದಿದೀಯ?"

"ಹೌದಜ್ಜ, ಆರು ಸಲ. ಮರದ ಸದ್ದು ಬೇಕು."

"ನಲವತ್ತು ವರ್ಷದಿಂದ ಮಗು ಥರ ಸಾಕಿದೀನಿ. ಗುದ್ದು ಅಂತೀಯಲ್ಲ! ನನ್ನ ಕೈಲಾಗಲ್ಲ."

"ಹಾಗಾದ್ರೆ ಬೇರೆಯವರನ್ನ ನೋಡ್ಕೋತೀನಿ."

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಅಜ್ಜ ವಾದ್ಯವನ್ನು ಚೀಲಕ್ಕೆ ಸೇರಿಸಿ, ಒಂದೊಂದೇ ಮೆಟ್ಟಿಲು ಇಳಿದು ಹೋದರು. ಉಳಿದವರು ತಲೆ ಎತ್ತಲಿಲ್ಲ.

ಮನೆಯಲ್ಲಿ ಅಕ್ಕ ಮುಲಾಜಿಲ್ಲದೆ ಬೈದಳು. "ಕೋಲು ಕೈಗೆ ಬಂದ ತಕ್ಷಣ ತಲೆ ಮೇಲೆ ಕೋಡು ಮೂಡಿತಾ? ನೀನೇ ಹೋಗಿ ಕರ್ಕೊಂಡು ಬಾ."

ಮರುದಿನ ಬೆಳಿಗ್ಗೆ ಅವರ ರಿಪೇರಿ ಅಂಗಡಿಗೆ ಹೋದಳು. ಅಜ್ಜ ಕಿಟಕಿಯ ಬೆಳಕಿನಲ್ಲಿ ಯಾರದೋ ಹಳೆಯ ಪಿಟೀಲಿಗೆ ಕಿವಿಯಿಟ್ಟು, ಬೆರಳ ತುದಿಯಿಂದ ಅದರ ಬೆನ್ನನ್ನು ಇಂಚಿಂಚೂ ತಟ್ಟುತ್ತಿದ್ದರು. ಅವಳನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ.

"ಬಿರುಕು ಎಲ್ಲಿದೆ ಅಂತ ಮರಾನೇ ಹೇಳುತ್ತೆ" ಎಂದರು, ತಮ್ಮಷ್ಟಕ್ಕೆ ಎಂಬಂತೆ.

ಮೃದುವಾದ, ತುಂಬಿದ ಸದ್ದು. ಒಳಗೆ ಯಾರೋ ಉಸಿರಾಡಿದಂತೆ. ಅವಳು ತಿಂಗಳುಗಟ್ಟಲೆ ಹುಡುಕಿದ್ದು ಇದನ್ನೇ. ಹಾಳೆಯ ಮೇಲೆ ಗುದ್ದು ಎಂದು ಬರೆದದ್ದು ಬೇರೆ ಪದ ಸಿಗದೆ.

"ಅಜ್ಜ, ನನಗೆ ಬೇಕಿದ್ದಿದ್ದು ಇದೇ. ನಿನ್ನೆ ಆಡಬಾರದ್ದು ಆಡ್ದೆ. ತಪ್ಪಾಯ್ತು."

ಅಜ್ಜ ಪಿಟೀಲು ಕೆಳಗಿಟ್ಟು, ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲನ್ನು ಅವಳತ್ತ ಚಾಚಿದರು. "ಗುದ್ದೋದಲ್ಲ, ತಟ್ಟೋದು ಅಂತ ತಿದ್ದು. ಎಲ್ಲಿ ತಟ್ಟಬೇಕು ಅನ್ನೋದು ನನಗೆ ಬಿಡು."

ಕಚೇರಿಗೆ ಬಂದವರು ಇಪ್ಪತ್ತಾರು ಜನ, ಅರ್ಧಕ್ಕರ್ಧ ನೆಂಟರು. ಎಲ್ಲ ವಾದ್ಯಗಳೂ ಸುಮ್ಮನಾದಾಗ ಅಜ್ಜ ಮೆಲ್ಲಗೆ ಆರು ಸಲ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಮಾವ ಎದ್ದು ಹೋಗಿ, ಬಾಗಿಲು ತೆರೆದು, ಯಾರು ಬಂದರೆಂದು ಇಣುಕಿ ನೋಡಿದ! ಅಜ್ಜನ ಭುಜಗಳು ನಗು ತಡೆಯಲಾಗದೆ ಕುಲುಕಿದವು. ಅವಳು ತುಟಿ ಕಚ್ಚಿ ತಾಳ ತಪ್ಪದಂತೆ ಕೈ ಎತ್ತಿದಳು. ಕೊಳಲು ಸರಿಯಾಗಿ ಬಂದು ಸೇರಿಕೊಂಡಿತು.

ಮುಗಿದ ಮೇಲೆ ಸಂಗೀತ ಶಾಲೆಯ ಮೇಡಂ ಒಬ್ಬರು ಹತ್ತಿರ ಬಂದು, "ಮುಂದಿನ ವರ್ಷ ನಮ್ಮ ಮಕ್ಕಳಿಗೂ ಒಂದು ಬರ್ದು ಕೊಡ್ತೀಯಾ?" ಎಂದು ಕೇಳಿದರು. ಅಲ್ಲಿಂದ ಒಂದರ ಹಿಂದೊಂದು ಕರೆ ಬಂತು. ಬೆರಳು ಸೆಟೆಯುವವರೆಗೆ ಅಜ್ಜ ಅವಳ ಪ್ರತಿ ಕೃತಿಯಲ್ಲೂ ನುಡಿಸಿದರು. ಆಮೇಲೂ ತಾಲೀಮಿಗೆ ಬಂದು ಕೂತು, ತಲೆಯಾಡಿಸಿ, ತೂಕಡಿಸಿ ಹೋಗುತ್ತಿದ್ದರು.

ಆ ಮೊದಲ ಕಚೇರಿಯ ಸಂಜೆ ಅಕ್ಕತಂಗಿಯರು ನಡೆದೇ ಮನೆಗೆ ಹೋದರು. ದಾರಿಯುದ್ದಕ್ಕೂ ಅಕ್ಕ ಕೊಳಲಿನ ಸಾಲನ್ನು ಅಪಸ್ವರದಲ್ಲೇ ಗುನುಗುತ್ತ ಬಂದಳು. ಆಮೇಲೆ ಆ ಸಾಲನ್ನು ದೊಡ್ಡ ದೊಡ್ಡವರು ನುಡಿಸಿದ್ದಾರೆ. ತಂಗಿಯ ಕಿವಿಯಲ್ಲಿ ಉಳಿದಿರುವುದು ಮಾತ್ರ ಅಕ್ಕ ಗುನುಗಿದ್ದೇ.