ಐದು ವರ್ಷದ ಗಡುವು

ಅಪ್ಪ ಬಿಟ್ಟುಹೋದ ನಾಲ್ಕು ಎಕರೆಗೆ ಬೆಲೆ ಕಟ್ಟಲು ಬಂದ ಮೌಲ್ಯಮಾಪಕರು ಹತ್ತು ನಿಮಿಷವೂ ಅಲ್ಲಿ ನಿಲ್ಲಲಿಲ್ಲ. ಬೂಟಿನ ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಕುಟ್ಟಿ ನೋಡಿದರು. ಸಿಮೆಂಟಿನ ಮೇಲೆ ಕುಟ್ಟಿದ ಹಾಗೆ ಸದ್ದಾಯಿತು.

"ಮೇಲ್ಮಣ್ಣನ್ನೆಲ್ಲ ಇಟ್ಟಿಗೆ ಗೂಡಿನವರು ಹೊತ್ಕೊಂಡು ಹೋಗಿದ್ದಾರಮ್ಮ. ಇಲ್ಲಿ ಉಳಿದಿರೋದು ಜಾಗ ಅಷ್ಟೆ, ಜಮೀನಲ್ಲ."

ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದಿದ್ದ ಅಕ್ಕನಿಗೆ ಆ ಮಾತು ಚುಚ್ಚಿತು. ಆದರೆ ಯಾರನ್ನು ಬೈಯುವುದು? ಹನ್ನೆರಡು ವರ್ಷ ಗೂಡಿನವರಿಗೆ ಮಣ್ಣು ಕೊಟ್ಟವನು ಅಪ್ಪನೇ. ಅದರಿಂದಲೇ ತಾನೂ ತಮ್ಮನೂ ಓದಿದ್ದು.

ತಮ್ಮ ಬೇರೆಯವರ ವ್ಯಾನ್ ಓಡಿಸುತ್ತಿದ್ದ. ಪಾಲು ಬಂದರೆ ಸ್ವಂತದ್ದೊಂದನ್ನು ಕೊಳ್ಳುವ ಆಸೆ ಅವನಿಗೆ.

"ಸಿಕ್ಕಷ್ಟಕ್ಕೆ ಮಾರಿಬಿಡೋಣ ಅಕ್ಕ."

"ಈಗ ಮಾರಿದ್ರೆ ವ್ಯಾನಿನ ಬಾಗಿಲು ಬರುತ್ತೆ, ವ್ಯಾನ್ ಬರಲ್ಲ. ಐದು ವರ್ಷ ಕೊಡು ನಂಗೆ. ಆಮೇಲೆ ನೀನು ಹೇಳಿದ ಹಾಗೆ."

"ಐದು ವರ್ಷ ಏನು ಮಾಡ್ತೀಯ? ನೆಲಕ್ಕೆ ತೇಪೆ ಹಾಕ್ತೀಯಾ?"

"ಹೂಂ. ನಂಗೆ ಬರೋದು ಅದೊಂದೇ ತಾನೆ."

ಮೊದಲ ವರ್ಷ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಬದು ಹಾಕಿಸಿ, ಹಸಿರು ಗೊಬ್ಬರಕ್ಕೆಂದು ಸೆಣಬಿನ ಬೀಜ ಚೆಲ್ಲಿದಳು. ಎರಡನೇ ಮಳೆಗೇ ಮೇಲಿನ ಬದು ಒಡೆದು, ಆ ನೀರಿನ ರಭಸಕ್ಕೆ ಕೆಳಗಿನವೂ ಒಂದೊಂದಾಗಿ ಕಿತ್ತುಹೋದವು. ಬೀಜವೆಲ್ಲ ರಸ್ತೆ ಬದಿಯ ಚರಂಡಿ ಸೇರಿ, ಮಾರನೇ ವಾರ ಅಲ್ಲೇ ಹಸಿರಾಗಿ ಮೊಳೆಯಿತು.

"ಚರಂಡಿ ಬೆಲೆ ಏರಿತು ನೋಡಕ್ಕ," ಎಂದ ತಮ್ಮ.

ಅವನೆದುರು ನಕ್ಕಳು, ಮನೆಗೆ ಹೋಗಿ ಅತ್ತಳು. ಮರುದಿನ ಬೆಳಿಗ್ಗೆ ಗುದ್ದಲಿ ಹಿಡಿದು ಮತ್ತೆ ಹೊರಟಳು.

ಕಣ್ಣಳತೆಯಲ್ಲಿ ಬದು ಎಳೆದಿದ್ದೇ ತಪ್ಪಾಗಿತ್ತು. ಗಾರೆ ಕೆಲಸದವರಿಂದ ನೀರು ತುಂಬಿ ಮಟ್ಟ ನೋಡುವ ಪೈಪನ್ನು ಕೇಳಿ ತಂದಳು. ಅದರ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಲ್ಲ, ಭಾನುವಾರ ತಮ್ಮ ಗೊಣಗುತ್ತಲೇ ಬಂದ. ಇಬ್ಬರೂ ಸೇರಿ ಗುರುತು ಹಾಕಿದರು. ಹೆಚ್ಚಾದ ನೀರು ಮೆಲ್ಲಗೆ ಹರಿದುಹೋಗಲಿ ಎಂದು ಪ್ರತಿ ಬದುವಿನ ಕೊನೆಗೆ ಕಲ್ಲು ಹಾಸಿದರು. ಆಮೇಲೆ ಅವನು ಕರೆಯದೆಯೂ ಬರತೊಡಗಿದ.

ಬೀದಿ ಗುಡಿಸುವವರು ಸುಡುತ್ತಿದ್ದ ಒಣ ಎಲೆಯನ್ನು ಚೀಲಗಟ್ಟಲೆ ತಂದು ಹರಡಿದರು. ಮತ್ತೆ ಬಿತ್ತಿದ ಸೆಣಬನ್ನು ಹೂವಿನ ಹೊತ್ತಿಗೆ ಕೊಯ್ದು, ಕೊಳೆಯಲೆಂದು ಅಲ್ಲೇ ಕೆಡವಿದರು. ಬೇಸಿಗೆಯಲ್ಲಿ ಕುರಿಗಾಹಿಯೊಬ್ಬ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ. ಮೂರನೇ ವರ್ಷವೂ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನಾಲ್ಕನೇ ಮಳೆಗಾಲದಲ್ಲಿ ಎಲೆ ಸರಿಸಿದರೆ ಎರೆಹುಳು ಕಂಡಿತು. ಅವತ್ತು ಅಕ್ಕ ಅಂಗಡಿಯನ್ನೇ ತೆರೆಯಲಿಲ್ಲ.

ಗಡುವು ಮುಗಿದಾಗ ಅದೇ ಮೌಲ್ಯಮಾಪಕರು ಬಂದರು. ಗುದ್ದಲಿ ಕೇಳಿ ಪಡೆದು ಮೂರು ಕಡೆ ಅಗೆದರು. ಕುಕ್ಕರಗಾಲಲ್ಲಿ ಕೂತು ಮಣ್ಣನ್ನು ಹಿಸುಕಿ, ಮೂಸಿ ನೋಡಿದರು.

"ಅಕ್ಕಪಕ್ಕದ ಜಮೀನಿಗೆ ಸಮ ಅಂತ ಬರೀತೀನಿ. ಹೀಗೇ ನೋಡ್ಕೊಂಡ್ರೆ ಮುಂದೆ ಅದನ್ನೂ ದಾಟುತ್ತೆ."

"ಕೆಳಗಿನರ್ಧ ನಂದು," ಎಂದ ತಮ್ಮ. "ಅದೊಂದನ್ನೇ ಮಾರಬಹುದಾ?"

"ಮಾರಬಹುದು. ಆದ್ರೆ ಮೇಲೆ ಬದು ಗಟ್ಟಿ ಇರೋವರೆಗೆ ಮಾತ್ರ ಕೆಳಗಡೆ ಮಣ್ಣು ನಿಲ್ಲೋದು."

ಅವರು ಹೋದ ಮೇಲೆ ಅಕ್ಕ ಹೇಳಿದಳು: "ಕೊಟ್ಟ ಮಾತು ಮಾತೇ ಕಣೋ. ಮಾರ್ತೀನಿ ಅಂದ್ರೆ ಸಹಿ ಹಾಕ್ತೀನಿ."

ತಮ್ಮ ಜಾರಿದ್ದ ಕಲ್ಲೊಂದನ್ನು ಎತ್ತಿ ಕೂರಿಸಿ ಹೊರಟುಹೋದ. ಎರಡು ವಾರ ಬಿಟ್ಟು, ತರಕಾರಿ ಬೆಳೆಯುವವನೊಬ್ಬನನ್ನು ಅಂಗಡಿಗೇ ಕರೆತಂದ.

"ಹತ್ತು ವರ್ಷಕ್ಕೆ ಗುತ್ತಿಗೆ ಕೊಡೋಣ ಅಕ್ಕ. ನನ್ನ ಪಾಲಿಂದ ಸೆಕೆಂಡ್ ಹ್ಯಾಂಡ್ ವ್ಯಾನಿನ ಕಂತು ಕಟ್ಟಬಹುದು. ಸದ್ಯಕ್ಕೆ ಅಷ್ಟು ಸಾಕು."

ಕರಾರು ಪತ್ರವನ್ನು ಹೊಲಿಗೆ ಯಂತ್ರದ ಮೇಲೆ ಹರಡಿದ. ಮಣ್ಣು ಸಾಗಿಸುವಂತಿಲ್ಲ, ಕಸ ಸುಡುವಂತಿಲ್ಲ, ಮಳೆಗೆ ಮುಂಚೆ ಬದು ರಿಪೇರಿ ಮಾಡಬೇಕು.

"ಈ ಷರತ್ತೆಲ್ಲ ನಿಮ್ಮಕ್ಕ ಬರೆಸಿದ್ದಾ?" ಎಂದು ಕೇಳಿದ ಬೆಳೆಗಾರ.

"ಇಲ್ಲ, ನಾನೇ."

ಅಕ್ಕ ಕನ್ನಡಕ ಏರಿಸಿ ಮೊದಲಿಂದ ಓದಿದಳು. ಬದುವಿನ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು.

"ಮಳೆಗೆ ಮುಂಚೆ ಅಂತ ಬರೆದ್ರೆ ಸಾಲದು," ಎಂದಳು ಕೊನೆಗೆ, ಪೆನ್ನನ್ನು ಅವನತ್ತ ತಳ್ಳುತ್ತ. "ಯಾವ ತಿಂಗಳೊಳಗೆ ಅಂತ ಹಾಕು."