ಎದೆಯೊಳಗಿನ ಕರೆಂಟು

"ಕರೆಂಟು ಹಚ್ಚಿಸ್ಕಂಡು ಸಾಯಾಕೆ ನಾನೊಲ್ಲೆ!" ಅಂತ ಜುಂಜಮ್ಮ ಡಾಕ್ಟರ ಮಂಚದ ಮುಂದೆ ಹಟ ಹಿಡಿದು ನಿಂತಳು. ಎಪ್ಪತ್ನಾಲ್ಕನೇ ಇಸವಿಯ ಮಾತಿದು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬಿಡುತ್ತಿದ್ದ ಅವಳನ್ನು ಗಂಡ ಚಿತ್ತಪ್ಪ, ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಹಿರೇಗುಂಟನೂರಿಂದ ಚಿತ್ರದುರ್ಗಕ್ಕೆ ಕರೆತಂದಿದ್ದ. ಇಲ್ಲಿ ನೋಡಿದರೆ ಎದೆಬಡಿತ ಬರೆಯೋ ಮಿಷನ್ನಂತೆ, ಕೈಕಾಲಿಗೆ ವೈರಂತೆ! ಹರಿದುಬಿದ್ದ ತಂತಿ ತುಳಿದ ಎಮ್ಮೆ ನಿಂತಲ್ಲೇ ಉರುಳಿದ್ದನ್ನು ಅವಳು ಕಣ್ಣಾರೆ ಕಂಡವಳು.

"ಇದು ಮೈಗೆ ಕರೆಂಟು ಬಿಡಲ್ಲಮ್ಮ. ನಿನ್ನ ಎದೆಯೊಳಗೇ ಚೂರು ಕರೆಂಟು ಹುಟ್ತೈತೆ, ಅದನ್ನ ಬರೀತೈತೆ, ಅಷ್ಟೆ," ಎಂದರು ಡಾಕ್ಟರು ಏಕಾಂತಪ್ಪ.

ಎದೆಯೊಳಗೇ ಕರೆಂಟೇ! ಜುಂಜಮ್ಮ ಇನ್ನಷ್ಟು ಹೌಹಾರಿದಳು.

"ನಿನ್ನ ಪುಕ್ಕಲುತನಕ್ಕಿಷ್ಟು! ಡಾಕ್ಟ್ರೇ, ಮೊದ್ಲು ನಂಗೇ ಹಾಕ್ರಿ, ಇವಳು ನೋಡ್ಲಿ," ಅಂತ ಚಿತ್ತಪ್ಪ ಅಂಗಿ ಬಿಚ್ಚಿ ಮಲಗಿಯೇ ಬಿಟ್ಟ.

ವೈರು ಹಚ್ಚಿದ್ದೇ ಮಿಷನ್ನಿನ ಸೂಜಿ ಕುಣಿಯಿತು, ಕಾಗದ ಉದ್ದಕ್ಕೆ ಬಿಚ್ಚಿಕೊಂಡು ಬಂತು. "ಈ ಸಣ್ಣ ದಿಬ್ಬ ನೋಡಮ್ಮ, ಗುಂಡಿಗೆಯ ಮೇಲ್ಗಡೆ ಕೋಣೆ ಹಿಂಡಿದ್ದು. ಈ ಚೂಪು ಗುಡ್ಡ, ಕೆಳಗಿನ ಕೋಣೆ ರಕ್ತ ತಳ್ಳಿದ್ದು. ಆಮೇಲೆ ಗೆರೆ ನೆಲಕ್ಕಿಳಿದು..." ಡಾಕ್ಟರ ಮಾತು ಅಲ್ಲೇ ನಿಂತಿತು. ಗೆರೆ ಇಳಿದಿರಲಿಲ್ಲ.

"ಚಿತ್ತಪ್ಪ, ಎದೆ ನೋಯ್ತೈತಾ?"

ಅವನು ಗೋಡೆ ಕಡೆ ಮುಖ ತಿರುಗಿಸಿದ. "ಬೆಳಗಿಂದ ಹಿಡ್ಕಂಡೈತ್ರಿ. ಹೇಳಿದ್ರೆ ಇವಳು ವಾಪಸ್ ಹೋಗಾಣ ಅಂತಾಳೆ ಅಂತ ಸುಮ್ನಿದ್ದೆ."

ಜುಂಜಮ್ಮ ಮಂಚದ ಅಂಚು ಹಿಡಿದಳು. ಬಸ್ಸಲ್ಲಿ ಪಕ್ಕದಲ್ಲೇ ಕೂತಿದ್ದನಲ್ಲ! ಒಂದು ಮಾತು ಹೇಳಬಾರದಿತ್ತೇ!

"ಅಲ್ಲಾಡಬ್ಯಾಡ," ಅನ್ನುತ್ತ ಡಾಕ್ಟರು ಔಷಧಿಯತ್ತ ತಿರುಗುವಷ್ಟರಲ್ಲಿ ಸೂಜಿ ಹುಚ್ಚುಹುಚ್ಚಾಗಿ ಗೀಚತೊಡಗಿತು. ದಿಬ್ಬವಿಲ್ಲ, ಗುಡ್ಡವಿಲ್ಲ. ಚಿತ್ತಪ್ಪನ ಕಣ್ಣು ಮೇಲಾದವು. ಡಾಕ್ಟರು ಮುಷ್ಟಿ ಬಿಗಿದು ಅವನ ಎದೆಗೆ ಗುದ್ದಿದರು. "ಕೂಗಮ್ಮ! ಹೆಸರು ಹಿಡಿದು ಕೂಗು!"

ಹೆಸರೇ? ಮದುವೆಯಾದಾಗಿಂದ ಅವಳು ಆ ಹೆಸರು ಎತ್ತಿದವಳಲ್ಲ. ಹೆಂಡತಿ ಬಾಯಲ್ಲಿ ಬಂದರೆ ಗಂಡನ ಆಯುಸ್ಸು ಕಮ್ಮಿ ಅಂತ ಹಟ್ಟಿಯವರೆಲ್ಲ ನಂಬಿದ್ದರು. ತಾನೇ ಕೊಂದಂಗಾದರೆ? ಡಾಕ್ಟರು ಮತ್ತೊಮ್ಮೆ ಗುದ್ದಿದರು.

"ಚಿತ್ತಪ್ಪಾ! ಲೇ ಚಿತ್ತಪ್ಪಾ!"

ಕಾಗದದ ಮೇಲೆ ಒಂದು ಗುಡ್ಡ ಎದ್ದಿತು. ಆಮೇಲೆ ಇನ್ನೊಂದು. ಡಾಕ್ಟರು ನಿಟ್ಟುಸಿರು ಬಿಟ್ಟು, ದೊಡ್ಡಾಸ್ಪತ್ರೆಗೆ ಸಾಗಿಸಲು ಜೀಪು ತರಿಸುವಂತೆ ಹೊರಗೆ ಕೂಗಿ ಹೇಳಿದರು.

ಚಿತ್ತಪ್ಪ ಅರೆಗಣ್ಣು ಬಿಟ್ಟು ತೊದಲಿದ. "ಹೆಸ್ರು ಹಿಡ್ದು ಕೂಗ್ತೀಯಲ್ಲೇ... ಜನ ಏನಂತಾರೆ?"

"ಜನದ ಮನೆ ಹಾಳಾಗ! ಕೂಗ್ತೀನಿ!" ಅಂದಳು ಜುಂಜಮ್ಮ ಅಳುತ್ತ. ಜೀಪು ಬರುವವರೆಗೂ ಕೂಗುತ್ತಲೇ ಇದ್ದಳು.